ಮೊಬೈಲಿಗೆ ತಿಜೋರಿ, ಮಾತ್ರೆಗೆ ಟಿಶ್ಯೂ ಪೇಪರು

ಬೆಂಗಳೂರಿನ ದೊಡ್ಡ ಫೀಸಿನ ಶಾಲೆಗಳಲ್ಲಿ ಭದ್ರತೆಗೇನೂ ಕೊರತೆಯಿಲ್ಲ. ಒಂಬತ್ತನೇ ಕ್ಲಾಸಿನ ಹುಡುಗನ ಮೊಬೈಲ್ ಸಿಕ್ಕಿಬಿದ್ದರೆ ಲಕೋಟೆ, ಅದಕ್ಕೆ ಸೀಲು, ಪ್ರಿನ್ಸಿಪಾಲರ ಕಬ್ಬಿಣದ ಬೀರು, ಬಿಡಿಸಿಕೊಳ್ಳಲು ಅಪ್ಪ ಅಮ್ಮ ಇಬ್ಬರ ಸಹಿ. ಅದೇ ಶಾಲೆಗೆ ಮೀಥೈಲ್‌ಫೆನಿಡೇಟ್ ಮಾತ್ರೆ ಬರುವುದು ಟಿಶ್ಯೂ ಪೇಪರಿನಲ್ಲಿ ಸುತ್ತಿಕೊಂಡು, ಟಿಫನ್ ಬ್ಯಾಗಿನ ಪಕ್ಕದ ಜೇಬಿನಲ್ಲಿ, ಚಮಚದ ಜೊತೆ.

ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ಕೂತಲ್ಲಿ ಕೂರಲಾಗದ ತೊಂದರೆ ಇರುವ ಮಕ್ಕಳಿಗೆ ಕೊಡುವ ಈ ಮಾತ್ರೆ ಔಷಧ ನಿಯಮಗಳ ಷೆಡ್ಯೂಲ್ ಎಕ್ಸ್ ಎಂಬ ಬಿಗಿ ಪಟ್ಟಿಯಲ್ಲಿದೆ, ಮಾದಕ ವಸ್ತುಗಳ ತಡೆಗಿರುವ 1985ರ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಯಲ್ಲೂ ಇದೆ. ಮೆಡಿಕಲ್ ಶಾಪಿನವರು ಇದನ್ನು ಮಾರಲು ಬೇರೆಯೇ ಲೈಸೆನ್ಸ್ ಬೇಕು. ಡಾಕ್ಟರ ಚೀಟಿ ಎರಡು ಪ್ರತಿ ಇರಬೇಕು, ಒಂದನ್ನು ಅಂಗಡಿಯಲ್ಲೇ 2 ವರ್ಷ ಇಟ್ಟುಕೊಳ್ಳಬೇಕು. ನಾಲ್ಕು ಅಂಗಡಿ ಅಲೆದು, ಚೀಟಿ ಒಪ್ಪಿಸಿ ತಂದ ಅಪ್ಪನೇ ಮರುದಿನ ಬೆಳಿಗ್ಗೆ ಗೇಟಿನ ಹತ್ತಿರ ಕಾರಿನ ಗಾಜು ಇಳಿಸಿ ಹೇಳುತ್ತಾರೆ: "ಸಿಸ್ಟರ್, ಊಟ ಆದ್ಮೇಲೆ ಇದೊಂದು ಕೊಟ್ಬಿಡಿ. ವಿಟಮಿನ್ ಥರಾನೇ." ಹಿಂದಿನ ಕಾರು ಹಾರ್ನ್ ಹೊಡೆಯುತ್ತದೆ. ಹಸ್ತಾಂತರ ಮುಗಿಯಿತು.

ಅಲ್ಲಿಂದ ಮಾತ್ರೆ ಸಿಕ್ ರೂಮಿನ ಡ್ರಾಯರಿಗೆ. ಡ್ರಾಯರಿಗೆ ಬೀಗ ಉಂಟು. ಕೀ ಬಾಗಿಲ ಹಿಂದಿನ ಮೊಳೆಯಲ್ಲಿ ನೇತಾಡುತ್ತಿರುತ್ತದೆ, ಯಾರಿಗೂ ತೊಂದರೆಯಾಗದಿರಲೆಂದು 'ಮೆಡಿಸಿನ್ ಕೀ' ಎಂಬ ಚೀಟಿಯ ಸಮೇತ. ಪರೀಕ್ಷೆ ಹತ್ತಿರ ಬಂದಾಗ ಓದಿಗೆ ಏಕಾಗ್ರತೆ ಹುಡುಕುವ ಹತ್ತನೇ ಕ್ಲಾಸಿನವರಿಗೆ ಓದಲು ಬರುತ್ತದೆ ಎಂಬುದನ್ನು ಆಡಳಿತ ಮಂಡಳಿ ಗಮನಿಸಿದಂತಿಲ್ಲ.

ಇದನ್ನು ನೆಟ್ಟಗೆ ಮಾಡುವುದು ಬ್ರಹ್ಮವಿದ್ಯೆಯೇನಲ್ಲ. ಮಾತ್ರೆ ಕಂಪನಿಯ ಸ್ಟ್ರಿಪ್‌ನಲ್ಲೇ, ಚೀಟಿಯ ಜೆರಾಕ್ಸ್ ಸಮೇತ, ದೊಡ್ಡವರ ಕೈಯಲ್ಲೇ ಬರಬೇಕು. ತಂದವರೂ ನರ್ಸೂ ಎದುರುಬದುರು ಕೂತು ಎಣಿಸಿ ಇಬ್ಬರೂ ಸಹಿ ಹಾಕಬೇಕು. ಬೈಂಡ್ ಮಾಡಿದ, ಪುಟಸಂಖ್ಯೆಯಿರುವ ರಿಜಿಸ್ಟರಿನಲ್ಲಿ ಕೊಟ್ಟ ಕ್ಷಣವೇ ಒಂದು ಸಾಲು: ದಿನ, ಗಂಟೆ, ಎಷ್ಟು ಮಿಲಿಗ್ರಾಂ, ಮೊದಲು ಎಷ್ಟಿತ್ತು, ಈಗ ಎಷ್ಟು ಉಳಿಯಿತು. ತಪ್ಪಾದರೆ ವೈಟ್ನರ್ ಬೇಡ, ಓದಲು ಬರುವಂತೆ ಒಂದೇ ಗೆರೆ ಎಳೆದು ಸಹಿ. ಮಾತ್ರೆ ನೆಲಕ್ಕೆ ಬಿದ್ದರೆ ಅದಕ್ಕೂ ಸಾಕ್ಷಿಯ ಸಹಿ, ಕಸದ ಬುಟ್ಟಿಗಲ್ಲ. ವರ್ಷದ ಕೊನೆಗೆ ಉಳಿದದ್ದು ಎಣಿಸಿ ಮನೆಯವರಿಗೆ ವಾಪಸ್ಸು.

ಇದಕ್ಕೆಲ್ಲ ಟೈಮಿಲ್ಲ ಎನ್ನುತ್ತಾರೆ. ಟೈಮಿಲ್ಲದ್ದಕ್ಕೇ ಐದನೇ ಕ್ಲಾಸಿನ ಬಿ ಸೆಕ್ಷನ್ನಿನಲ್ಲಿ "ಆರವ್, ಮಾತ್ರೆ!" ಎಂದು ಆಯಮ್ಮ ಕೂಗಿದಾಗ ಮೂವರು ಎದ್ದು ನಿಲ್ಲುತ್ತಾರೆ. ಮೊದಲು ಓಡಿಬಂದವನಿಗೆ ಮಾತ್ರೆ. ಫೋಟೊ, ಹುಟ್ಟಿದ ದಿನಾಂಕ ನೋಡುವ ಪದ್ಧತಿ ಶಾಲೆಯ ಬಸ್ಸಿಗಷ್ಟೇ ಮೀಸಲು. ಇನ್ನೊಬ್ಬ ಆರವ್‌ಗೆ ನುಂಗಲು ಬರುವುದಿಲ್ಲವೆಂದು ನಿಧಾನವಾಗಿ ಕರಗಬೇಕಾದ ಮಾತ್ರೆಯನ್ನೇ ಜಜ್ಜಿ ಮೊಸರನ್ನಕ್ಕೆ ಕಲಸಿದರೆ, ಇಡೀ ದಿನದ್ದು ಒಂದೇ ಗಂಟೆಯಲ್ಲಿ ಮೈಗಿಳಿಯುತ್ತದೆ. ಮರೆತುಹೋದ ಮಧ್ಯಾಹ್ನದ ಮಾತ್ರೆಯನ್ನು ಬಸ್ ಹತ್ತುವ ಹೊತ್ತಿಗೆ ನೆನಪಿಸಿಕೊಂಡು ಕೊಟ್ಟರೆ ಆ ರಾತ್ರಿ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ.

ಹಾಗಂತ ಬೀಗದ ಮೇಲೆ ಶಾಲೆಗೆ ನಂಬಿಕೆಯೇ ಇಲ್ಲ ಎನ್ನಬೇಡಿ. ಫಿಟ್ಸ್ ಬರುವ ಮಗುವಿನ ಮಿಡಜೋಲಾಮ್ ಮೂಗಿನ ಸ್ಪ್ರೇ ಇದೆಯಲ್ಲ, ಅದನ್ನು ಭದ್ರವಾಗಿ ಪ್ರಿನ್ಸಿಪಾಲರ ಬೀರುವಿನಲ್ಲಿಟ್ಟಿದ್ದಾರೆ, ಆ ಮೊಬೈಲುಗಳ ಪಕ್ಕ. ಡಾಕ್ಟರ ಚೀಟಿಯಿಲ್ಲದೆ ಮಾರಬಾರದ ಷೆಡ್ಯೂಲ್ ಎಚ್1 ಔಷಧ, ಜವಾಬ್ದಾರಿ ನೋಡಿ! ಫಿಟ್ಸ್ 5 ನಿಮಿಷ ದಾಟಿದರೆ ಕೊಡಬೇಕಾದದ್ದು ಅದು. ಮೇಡಂ ಮಾರತ್ತಹಳ್ಳಿಯಲ್ಲಿ ಮೀಟಿಂಗಿಗೆ ಹೋಗಿದ್ದಾರೆ, ಕೀ ಅವರ ಹ್ಯಾಂಡ್‌ಬ್ಯಾಗಿನಲ್ಲಿದೆ, ಹ್ಯಾಂಡ್‌ಬ್ಯಾಗು ಔಟರ್ ರಿಂಗ್ ರೋಡಿನಲ್ಲಿದೆ. ಅಷ್ಟರಲ್ಲಿ ಪಿ.ಟಿ. ಮಾಸ್ತರರು ಓಡಿಬಂದು ತಮ್ಮ ಬೈಕಿನ ಕೀ ಗೊಂಚಲನ್ನೇ ಮಗುವಿನ ಕೈಗೆ ತುರುಕುತ್ತಾರೆ. ಕಬ್ಬಿಣ ಹಿಡಿಸಿದರೆ ನಿಲ್ಲುತ್ತದಂತೆ! ಇಡೀ ಶಾಲೆಯಲ್ಲಿ ಆ ಹೊತ್ತಿಗೆ ಸಿಕ್ಕ ಏಕೈಕ ಕೀ ಅದು, ಯಾವ ಬೀರುವಿಗೂ ಹೊಂದದು.

ಈ ಸ್ಪ್ರೇ ಇರಬೇಕಾದ್ದು ಮಕ್ಕಳ ಕೈಗೆ ಸಿಗದಂತೆ, ನರ್ಸಿನ ಕೈಗೆ ಒಂದು ನಿಮಿಷದಲ್ಲಿ ಸಿಗುವಂತೆ. ಗಡಿಯಾರ ನೋಡಿಕೊಳ್ಳಬೇಕು, ಮಗುವನ್ನು ಮಗ್ಗುಲಿಗೆ ಹೊರಳಿಸಬೇಕು, ಬಾಯಿಗೆ ಚಮಚ, ನೀರು ಏನೂ ಹಾಕಬಾರದು. ಡೋಸ್ ಸಾಮಾನ್ಯವಾಗಿ ಕೆ.ಜಿ.ಗೆ 0.2 ಮಿಲಿಗ್ರಾಂ; 20 ಕೆ.ಜಿ. ಮಗುವಿಗೆ 4 ಮಿಲಿಗ್ರಾಂ. ಒಂದು ಒತ್ತಿಗೆ 0.5 ಮಿಲಿಗ್ರಾಂ ಬರುವ ಬಾಟಲಿಯಾದರೆ ಒಟ್ಟು 8 ಒತ್ತು, ಮೂಗಿನ ಒಂದೊಂದು ಹೊಳ್ಳೆಗೆ ನಾಲ್ಕು ನಾಲ್ಕು. ಹೊಸ ಬಾಟಲಿಯ ಪಂಪನ್ನು ಮೊದಲೇ ಗಾಳಿಯಲ್ಲಿ ಒತ್ತಿ ಸಿದ್ಧ ಮಾಡಿಡದಿದ್ದರೆ ಮೊದಲೆರಡು ಒತ್ತಿಗೆ ಬರುವುದು ಬರೀ ಗಾಳಿ. ಆಮೇಲೆ ಉಸಿರಾಟದ ಮೇಲೆ ಕಣ್ಣು, 108ಕ್ಕೆ ಫೋನು. ಎಷ್ಟು ಕೊಡಬೇಕೆಂಬುದು ಆ ಮಗುವಿನ ಡಾಕ್ಟರು ಬರೆದುಕೊಟ್ಟ ಹಾಳೆಯಲ್ಲಿರಬೇಕು. ಫೈಲಿನಲ್ಲಿ ಹಾಳೆ ಇದೆ, ಎಲ್‌ಕೆಜಿಯದು. ಮಗು ಈಗ ನಾಲ್ಕನೇ ಕ್ಲಾಸು.

ತಪಾಸಣೆಯೂ ವರ್ಷಕ್ಕೊಮ್ಮೆ ನಡೆಯುತ್ತದೆ. ರಿಜಿಸ್ಟರು ಆಗ ಮುತ್ತು ಪೋಣಿಸಿದಂತಿರುತ್ತದೆ, ಏಕೆಂದರೆ ವಾರದ ಐದೂ ಸಾಲುಗಳನ್ನು ಶುಕ್ರವಾರ ಸಂಜೆ ಒಂದೇ ಪೆನ್ನಿನಲ್ಲಿ ತುಂಬಿರುತ್ತಾರೆ. ಮಳೆಗೆ ಇಡೀ ಊರಿನ ಶಾಲೆಗಳಿಗೆ ರಜೆ ಕೊಟ್ಟ ಮಂಗಳವಾರವೂ ಮಧ್ಯಾಹ್ನ 12.40ಕ್ಕೆ ಸರಿಯಾಗಿ 10 ಮಿಲಿಗ್ರಾಂ ಕೊಟ್ಟಾಗಿದೆ, ಸಾಕ್ಷಿಯ ಸಹಿಯೂ ಇದೆ. ತಪಾಸಣೆಗೆ ಬಂದವರು ಪುಟ ತಿರುವಿ ನೋಡಿ ಒಂದೇ ಒಂದು ಷರಾ ಬರೆದರು: "ರಿಜಿಸ್ಟರಿಗೆ ಬ್ರೌನ್ ಪೇಪರ್ ಹಾಕಿಸುವುದು."