ಕೂತು ಉಂಡರೆ ಕುಡಿಕೆ ತುಂಬುತ್ತದಂತೆ!

ಭಾನುವಾರ ಮಧ್ಯಾಹ್ನ ಊಟ ಮುಗಿದು ಕಣ್ಣೆಳೆಯುವ ಹೊತ್ತಿಗೆ ಸರಿಯಾಗಿ ನಮ್ಮ ಬ್ಯಾಂಕಿನ ರಿಲೇಷನ್‌ಶಿಪ್ ಮ್ಯಾನೇಜರ್ ಫೋನ್ ಮಾಡಿದರು. ಬ್ಯಾಂಕಿನ ಹೆಸರು ಬೇಡ. ನಿಮ್ಮದು ಬೇರೆಯದಾದರೂ ಫೋನ್ ಬಂದೇ ಇರುತ್ತದೆ. ‘ಸಾರ್, ಹೊಸ ಇಂಡೆಕ್ಸ್ ಫಂಡ್ ಬಂದಿದೆ. ಪ್ಯಾಸಿವ್. ನೀವು ಏನೂ ಮಾಡಬೇಕಾಗಿಲ್ಲ, ಫಂಡ್ ಮ್ಯಾನೇಜರ್ ಕೂಡ ಏನೂ ಮಾಡುವುದಿಲ್ಲ’ ಎಂದರು. ಷೇರುಪೇಟೆಯ ಸೂಚ್ಯಂಕದ ಪಟ್ಟಿಯಲ್ಲಿರುವ ಷೇರುಗಳನ್ನೇ ಹಾಗೆಯೇ ಕೊಂಡು ಸುಮ್ಮನಿರುವ ಫಂಡ್ ಅದು. ಏನೂ ಮಾಡದ ಇಬ್ಬರ ನಡುವೆ ಇವರೊಬ್ಬರು ಮಾತ್ರ ರಜಾದಿನವೂ ದುಡಿಯುತ್ತಿದ್ದಾರಲ್ಲ ಎಂದು ಕನಿಕರವಾಯಿತು. 2018ರಲ್ಲಿ ಇದೇ ಮಹನೀಯರು ನಮ್ಮ ಮನೆಯ ಸೋಫಾದ ಮೇಲೆ ಕೂತು, ಇಂಡೆಕ್ಸ್ ಎಂಬುದು ಬುದ್ಧಿ ಇಲ್ಲದವರಿಗೆ, ಮಾರುಕಟ್ಟೆಯನ್ನು ಸೋಲಿಸುವ ಧೀರರ ಕೈಗೆ ಹಣ ಕೊಡಿ ಎಂದು ಬೋಧಿಸಿದ್ದರು.

ನಮ್ಮ ಹಿರಿಯರು ಕೂತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದು ಎಂದು ಹೆದರಿಸಿ ಬೆಳೆಸಿದರು. ಈಗ ಕೂತರೇ ಕುಡಿಕೆ ತುಂಬುತ್ತದಂತೆ. ಪ್ಯಾಸಿವ್ ಎಂಬುದಕ್ಕೆ ಪತ್ರಿಕೆಗಳು ‘ನಿಷ್ಕ್ರಿಯ ಹೂಡಿಕೆ’ ಎಂದು ಬರೆಯುತ್ತವೆ. ಅದೇ ಬ್ಯಾಂಕಿನ ಉಳಿತಾಯ ಖಾತೆಯಲ್ಲಿ ಎರಡು ವರ್ಷ ಏನೂ ಮಾಡದೆ ಕೂತರೆ ‘ನಿಷ್ಕ್ರಿಯ ಖಾತೆ’ ಎಂದು ಬೀಗ ಜಡಿದು, ಆಧಾರ್ ಹಿಡಿದುಕೊಂಡು ಬಾ ಎನ್ನುತ್ತಾರೆ. ಒಂದೇ ಸೋಮಾರಿತನಕ್ಕೆ ಒಂದು ಕೌಂಟರಿನಲ್ಲಿ ಶಿಕ್ಷೆ, ಪಕ್ಕದ ಕೌಂಟರಿನಲ್ಲಿ ಶಾಲು ಹಾರ.

ಹಾಗೆಂದು ತಾವೇ ಷೇರು ಆರಿಸುವ ಸಕ್ರಿಯರ ಪರಾಕ್ರಮವೇನು ಕಡಿಮೆಯೇ? ಲಾರ್ಜ್‌ಕ್ಯಾಪ್ ಫಂಡ್ ತನ್ನ ಹಣದಲ್ಲಿ ಶೇ 80ರಷ್ಟನ್ನಾದರೂ ದೇಶದ ಮೊದಲ ನೂರು ಕಂಪನಿಗಳಲ್ಲೇ ಹಾಕಬೇಕು ಎಂದು ಷೇರುಪೇಟೆಯ ನಿಯಂತ್ರಕ ಸೆಬಿ 2017ರಲ್ಲೇ ಬೇಲಿ ಹಾಕಿತು. ಅದರೊಳಗೆ ನಮ್ಮ ಫಂಡ್ ಮ್ಯಾನೇಜರ್ ಸಾಹೇಬರು ಸಂಶೋಧನೆ ನಡೆಸಿ, ಎಚ್‌ಡಿಎಫ್‌ಸಿ ಬ್ಯಾಂಕ್, ರಿಲಯನ್ಸ್, ಇನ್ಫೊಸಿಸ್ ಎಂಬ ಅಪರೂಪದ ಪ್ರಾಣಿಗಳನ್ನು ಪತ್ತೆ ಹಚ್ಚುತ್ತಾರೆ. ಬನ್ನೇರುಘಟ್ಟದ ಸಫಾರಿ ಬಸ್ಸಿನಲ್ಲಿ ಕೂತು ಹುಲಿ ಬೇಟೆಯಾಡಿದೆ ಎಂದಂತೆ. ಬೇಟೆಯ ಶುಲ್ಕ ಮಾತ್ರ ಕಾಡಿನ ದರದಲ್ಲಿಯೇ.

ಸಕ್ರಿಯ ಹೂಡಿಕೆಯ ನಿಜವಾದ ಪುರಾಣ ಕೇಳಬೇಕಾದರೆ ನಮ್ಮ ಚಿಕ್ಕಪ್ಪನ ಬಳಿ ಹೋಗಬೇಕು. ಬೆಂಗಳೂರಿನ ಪ್ರತಿ ಮಧ್ಯಮವರ್ಗದ ಮನೆಯಲ್ಲೂ 1993ರಲ್ಲಿ ಇನ್ಫೊಸಿಸ್ ಷೇರಿನ ಅರ್ಜಿಯನ್ನು ಕೈಯಲ್ಲಿ ಹಿಡಿದು ತುಂಬದೇ ಬಿಟ್ಟ ಒಬ್ಬ ಚಿಕ್ಕಪ್ಪ ಇರುತ್ತಾನೆ. ‘ತೊಂಬತ್ತೈದು ರೂಪಾಯಿ ಕಣೋ! ಕೇಳುವವರೇ ಇರಲಿಲ್ಲ!’ ಎಂದು ಶುರುವಾದರೆ ಕಾಫಿ ಆರುತ್ತದೆ. ಕೇಳುವವರಿರಲಿಲ್ಲ ಎಂಬುದು ನಿಜವೇ. ಆ ಷೇರಿಗೆ ಆಗ ಪೂರ್ತಿ ಅರ್ಜಿಗಳೇ ಬಂದಿರಲಿಲ್ಲ. ಆ ಹಣವನ್ನು ಚಿಕ್ಕಪ್ಪ ಏನು ಮಾಡಿದ ಎಂಬುದನ್ನು ಚಿಕ್ಕಮ್ಮ ಅಡುಗೆಮನೆಯಿಂದಲೇ ಪೂರ್ತಿ ಮಾಡುತ್ತಾಳೆ: ತೇಗದ ಗಿಡ. ಇಪ್ಪತ್ತು ವರ್ಷಕ್ಕೆ ಒಂದೊಂದು ಗಿಡ ಲಕ್ಷ ಕೊಡುತ್ತದೆ ಎಂದು ಬಣ್ಣದ ಪ್ರಮಾಣಪತ್ರ ಕೊಟ್ಟಿದ್ದರು. ಗಿಡ ಎಲ್ಲಿದೆ ಎಂದು ನೋಡಲು ಒಮ್ಮೆ ಬಾಡಿಗೆ ಕಾರಿನಲ್ಲಿ ಹೋದರು. ತೋಟದ ಬೋರ್ಡ್ ಇತ್ತು, ತೋಟ ಇರಲಿಲ್ಲ. ಪ್ರಮಾಣಪತ್ರ ಇನ್ನೂ ಬೀರುವಿನಲ್ಲಿದೆ. ಸುಂದರವಾದ ಕಾಗದ, ಮೂಲೆಯಲ್ಲಿ ಎರಡು ಎಲೆಗಳ ಚಿತ್ರ. ಮದುವೆ ಪತ್ರಿಕೆಗೂ ಅಷ್ಟು ಒಳ್ಳೆಯ ಮುದ್ರಣ ಸಿಗುವುದಿಲ್ಲ. ಆದರೂ ಮನೆಗೆ ಬಂದವರಿಗೆ ಚಿಕ್ಕಪ್ಪ ಹೇಳುವುದು ಇನ್ಫೊಸಿಸ್ ಕತೆಯನ್ನೇ. ತಪ್ಪಿಹೋದ ಲಾಭದಲ್ಲೊಂದು ಘನತೆ ಇದೆ, ಆದ ನಷ್ಟದಲ್ಲಿ ಇಲ್ಲ.

ಇಂಥ ಚಿಕ್ಕಪ್ಪಂದಿರಿಂದ ನಮ್ಮನ್ನು ಕಾಪಾಡಲು ಸೂಚ್ಯಂಕ ಬಂದಿದೆ. ಗುಂಪಿನಲ್ಲಿ ಗೋವಿಂದ ಎಂದರಾಯಿತು. ಆದರೆ ಗುಂಪಿಗೆ ಯಾರು ಬಂದರೂ ಗೋವಿಂದ ಎನ್ನಲೇಬೇಕಾದದ್ದು ಇದರ ಷರತ್ತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟಬೇಕು, ಅಷ್ಟೇ. 2022ರ ಸೆಪ್ಟೆಂಬರ್ ಕೊನೆಯಲ್ಲಿ ಅದಾನಿ ಎಂಟರ್‌ಪ್ರೈಸಸ್, ಐವತ್ತು ದೊಡ್ಡ ಕಂಪನಿಗಳ ಸೂಚ್ಯಂಕವಾದ ನಿಫ್ಟಿಗೆ ಬಂತು. ನಿಫ್ಟಿ ಫಂಡುಗಳೆಲ್ಲ ತುಟಿ ಬಿಚ್ಚದೆ 3,400 ರೂಪಾಯಿಯ ಆಸುಪಾಸಿನಲ್ಲಿ ಕೊಂಡವು. ಜನವರಿಯಲ್ಲಿ ಅದಾನಿ ಸಮೂಹದ ಮೇಲೆ ವಂಚನೆಯ ಆರೋಪ ಹೊರಿಸಿ ಅಮೆರಿಕದ ಹಿಂಡೆನ್‌ಬರ್ಗ್ ಸಂಸ್ಥೆಯ ವರದಿ ಬಂತು, ಫೆಬ್ರುವರಿ ಮೊದಲ ವಾರ ಷೇರು ಸಾವಿರದ ಅಂಚಿಗೆ ಇಳಿಯಿತು. ಕಂಪನಿ ಆರೋಪಗಳನ್ನು ಅಲ್ಲಗಳೆಯಿತು, ಷೇರು ಆಮೇಲೆ ಎದ್ದಿತು, ಆ ಮಾತು ಬೇರೆ. ಯೆಸ್ ಬ್ಯಾಂಕಿನದು ಇನ್ನೂ ಸೊಗಸು. 2020ರ ಮಾರ್ಚ್‌ನಲ್ಲಿ ಅದನ್ನು ನಿಫ್ಟಿಯಿಂದ ಹೊರಗೆ ಹಾಕಿದರು. ಆದರೆ ಬ್ಯಾಂಕನ್ನು ಉಳಿಸುವ ಯೋಜನೆಯಲ್ಲಿ ನೂರಕ್ಕಿಂತ ಹೆಚ್ಚು ಷೇರು ಉಳ್ಳವರ ಮುಕ್ಕಾಲು ಪಾಲಿಗೆ ಮೂರು ವರ್ಷ ಮಾರುವಂತಿಲ್ಲವೆಂದು ಬೀಗ ಬಿದ್ದಿದ್ದರಿಂದ, ಮನೆಯಿಂದ ಹೊರಟ ಅಳಿಯ ಜಗಲಿಯಲ್ಲೇ ಹಾಸಿಗೆ ಹಾಸಿದ ಹಾಗಾಯಿತು. ಆ ತಿಂಗಳು ನಿಫ್ಟಿಯೇ 7,610ಕ್ಕೆ ಬಿದ್ದಿತ್ತು, ಜನವರಿಯಲ್ಲಿ 12,300 ದಾಟಿದ್ದ ನಿಫ್ಟಿ. ಈ ಗಾಡಿಗೆ ಬ್ರೇಕ್ ಇಲ್ಲ ಎಂದು ಜಾಹೀರಾತಿನಲ್ಲಿ ಹೇಳುತ್ತಾರೆ, ಕೊನೆಯ ಕೆಲವೇ ಸೆಕೆಂಡಿನಲ್ಲಿ, ಉಸಿರು ಬಿಡದೆ.

ಲೆಕ್ಕದ ವಿಷಯಕ್ಕೆ ಬಂದರೆ, 2023ರಲ್ಲಿ ಜಿಯೊ ಫೈನಾನ್ಷಿಯಲ್ ರಿಲಯನ್ಸ್‌ನಿಂದ ಬೇರೆಯಾದಾಗ ನಿಫ್ಟಿ ಐವತ್ತರಲ್ಲಿ ಐವತ್ತೊಂದು ಕಂಪನಿಗಳಿದ್ದವು. ಜುಲೈನಿಂದ ಸೆಪ್ಟೆಂಬರ್‌ವರೆಗೆ! ಷೇರು ದಿನಾ, ಒಂದು ದಿನದಲ್ಲಿ ಇಳಿಯಬಹುದಾದ ಕೆಳಮಿತಿ ಮುಟ್ಟುತ್ತಿದ್ದರಿಂದ ಹೊರಗೆ ಕಳಿಸುವ ಮುಹೂರ್ತ ಮುಂದೆ ಹೋಗುತ್ತಲೇ ಇತ್ತು. ಐವತ್ತು ಎಂದು ಹೆಸರಿಟ್ಟುಕೊಂಡು ಐವತ್ತೊಂದನ್ನು ಸಲಹುವುದನ್ನು ನಮ್ಮ ಬಿಎಂಟಿಸಿ ಬಸ್ಸುಗಳು ಎಂದಿನಿಂದಲೂ ಮಾಡಿಕೊಂಡು ಬಂದಿವೆ. ಅವುಗಳನ್ನು ಯಾರೂ ವಿಶ್ವದರ್ಜೆಯ ಸೂಚ್ಯಂಕ ಎಂದು ಕರೆದಿಲ್ಲ.

ಫೋನಿನಲ್ಲಿದ್ದ ಮಹನೀಯರಿಗೆ ‘ಯಾವ ಇಂಡೆಕ್ಸ್?’ ಎಂದು ಕೇಳಿದ್ದು ನನ್ನ ತಪ್ಪು. ನಿಫ್ಟಿ 200 ಮೊಮೆಂಟಮ್ 30. ಬೇಡವೆಂದರೆ ನಿಫ್ಟಿ ಆಲ್ಫಾ ಲೋ ವೊಲಾಟಿಲಿಟಿ 30. ಅದೂ ಬೇಡವೆಂದರೆ ನಿಫ್ಟಿ 500 ಮಲ್ಟಿಕ್ಯಾಪ್ 50:25:25. ಕೊನೆಯದನ್ನು ಕೇಳಿ, ಇದನ್ನು ಅಡಿಕೆಗೆ ಹಾಕಬೇಕೋ ಕಬ್ಬಿಗೋ ಎಂದು ಕೇಳುವವನಿದ್ದೆ. ಗೊಬ್ಬರದ ಚೀಲದ ಮೇಲೆ ಹೀಗೆಯೇ 17:17:17 ಎಂದು ಬರೆದಿರುತ್ತದೆ. ಏನೂ ಮಾಡದಿರುವುದಕ್ಕೆ ಇಷ್ಟೊಂದು ಬಗೆ! ರಸ್ತೆ ಬದಿಯ ತಳ್ಳುಗಾಡಿಯ 99 ವೆರೈಟಿ ದೋಸೆಯಲ್ಲಿ ಹಿಟ್ಟಾದರೂ ಒಂದೇ ಇರುತ್ತದೆ. ಇವುಗಳಲ್ಲಿ ಯಾವುದು ಏರೀತು ಎಂದು ಆರಿಸಲು ಕೂತ ಕೂಡಲೇ ನಾನು ಸಕ್ರಿಯ ಹೂಡಿಕೆದಾರನಾದೆ, ಚಿಕ್ಕಪ್ಪನಾದೆ, ತೇಗದ ಗಿಡ ನೆಟ್ಟೆ.

ನಗುತ್ತಾ ಬರೆಯಲು ಹೊರಟಿದ್ದೆ. ಆದರೆ 2018ರ ಸೋಫಾ ನೆನಪಾಗುತ್ತದೆ. ಅಮ್ಮ ಶಾಲೆಯಿಂದ ನಿವೃತ್ತಳಾಗಿ ಬಂದ ಹಣದಲ್ಲಿ ಹತ್ತು ಲಕ್ಷ. ಪೆನ್ಸಿಲಿನಲ್ಲಿ ಗುರುತು ಮಾಡಿದ ಕಡೆಯಲ್ಲೆಲ್ಲ ಸಹಿ ಹಾಕಿಸಿಕೊಂಡರು. ಕಮಿಷನ್ ಇಲ್ಲದ ಡೈರೆಕ್ಟ್ ಪ್ಲಾನ್ ಎಂಬುದೊಂದು 2013ರಿಂದಲೇ ಇದೆ ಎಂದು ಯಾರೂ ಆಕೆಗೆ ಹೇಳಲಿಲ್ಲ. ವರ್ಷಕ್ಕೆ ಶೇ 1 ತಾನೇ ವ್ಯತ್ಯಾಸ? ಹತ್ತು ಲಕ್ಷ ಇಪ್ಪತ್ತು ವರ್ಷ ಶೇ 12ರಂತೆ ಬೆಳೆದರೆ 96 ಲಕ್ಷ ದಾಟುತ್ತದೆ. ಶೇ 11ರಂತೆ ಬೆಳೆದರೆ 81 ಲಕ್ಷವೂ ಆಗುವುದಿಲ್ಲ. ಆ ಹದಿನೈದು ಲಕ್ಷ ಮಾರುಕಟ್ಟೆಯ ಅಪಾಯವಲ್ಲ, ಅದು ಸೋಫಾದ ಮೇಲೆ ಕೂತ ಅಪಾಯ. ದಾಖಲೆಗಳನ್ನು ಎಚ್ಚರಿಕೆಯಿಂದ ಓದಿ ಎನ್ನುತ್ತಾರೆ. ಮೂವತ್ತೈದು ವರ್ಷ ಮಕ್ಕಳಿಗೆ ಗಣಿತ ಕಲಿಸಿದ ಹೆಂಗಸಿಗೆ ಅರ್ಥವಾಗದಂತೆ ಬರೆದ ದಾಖಲೆಯನ್ನು ಎಚ್ಚರಿಕೆಯಿಂದ ಓದಿದರೇನು, ಬಿಟ್ಟರೇನು? ಪ್ಯಾಸಿವ್ ದೊಡ್ಡದೋ ಆಕ್ಟಿವ್ ದೊಡ್ಡದೋ ಎಂದು ಟಿವಿಯಲ್ಲಿ ಟೈ ಕಟ್ಟಿಕೊಂಡು ಜಗಳವಾಡುವವರಿಗೆ ಈ ಪೆನ್ಸಿಲ್ ಗುರುತು ಕಾಣುವುದೇ ಇಲ್ಲ. ನನಗೆ ಸಾಕಾಗಿದೆ.

ಈ ಸಲ ಅವರು ಬಂದಾಗ ನಾನೇ ಬಾಗಿಲು ತೆರೆಯುತ್ತೇನೆ ಎಂದುಕೊಂಡಿದ್ದೆ. ಮೊನ್ನೆ ನಾನಿಲ್ಲದ ಹೊತ್ತಿನಲ್ಲಿ ಬಂದು ಹೋದರಂತೆ. ಪಾಪ, ಬಿಸಿಲಿನಲ್ಲಿ ಬಂದಿದ್ದರು ಎಂದು ಅಮ್ಮ ಮಜ್ಜಿಗೆ ಕೊಟ್ಟು, ಹಬ್ಬಕ್ಕೆಂದು ಮಾಡಿದ ಚಕ್ಕುಲಿಯನ್ನೂ ಕಟ್ಟಿಕೊಟ್ಟಿದ್ದಾಳೆ.