ಸುಮ್ನೆ ಹೋಗಿ ಬರೋದು

ಮೊದಲ ಸಲ ನಾನೂ ಅಮ್ಮನೂ ಶ್ರೀರಂಗಪಟ್ಟಣಕ್ಕೆ ಹೊರಟ ದಿನ, ಗೇಟಿನ ಹತ್ತಿರ ಪಕ್ಕದ ಮನೆಯವರು ಸಿಕ್ಕಿ "ಎಲ್ಲಿಗೆ ಹೊರಟ್ರಿ ಅಮ್ಮ-ಮಗಳು, ಏನ್ ವಿಶೇಷ?" ಅಂತ ಕೇಳಿದರು. ಅಮ್ಮ ಒಂದು ಕ್ಷಣವೂ ಯೋಚಿಸದೆ "ನಿಮಿಷಾಂಬಂಗೆ ಒಂದು ಹರಕೆ ಇತ್ತು" ಅಂದುಬಿಟ್ಟಳು. ಹರಕೆ ಗಿರಕೆ ಏನೂ ಇರಲಿಲ್ಲ. ಬಸ್ಸಲ್ಲಿ ಕೂತ ಮೇಲೆ "ಯಾಕಮ್ಮ ಸುಳ್ಳು ಹೇಳಿದೆ?" ಅಂತ ಕೇಳಿದೆ. "ಸುಮ್ನೆ ಹೋಗ್ತಿದೀವಿ ಅಂದ್ರೆ ಏನಂದ್ಕೋತಾರೋ ಏನೋ" ಅಂದಳು.

ಆ ಮಾತು ನನ್ನ ಮನಸ್ಸಲ್ಲಿ ಹಾಗೇ ಉಳಿದುಬಿಟ್ಟಿದೆ.

ಅಮ್ಮ ಮದುವೆಯಾಗಿ ಮೈಸೂರಿಗೆ ಬಂದು 43 ವರ್ಷ ಆಯ್ತು. ಇಷ್ಟು ವರ್ಷದಲ್ಲಿ ಅವಳು ಊರು ಬಿಟ್ಟು ಹೋಗಿದ್ದೆಲ್ಲ ಯಾವುದೋ ಕಾರಣಕ್ಕೆ. ಯಾರದೋ ಮದುವೆ, ಅಕ್ಕನ ಬಾಣಂತನ, ಆಸ್ಪತ್ರೆ, ತಿಥಿ. ಹೋದ ಕಡೆಯೂ ಅಡುಗೆಮನೆ. ಅವರ ಕಾಲದ ಹೆಂಗಸರಿಗೆ ಹೊರಗೆ ಹೋಗೋಕೆ ಒಂದು ನೆಪ ಬೇಕಿತ್ತು. ಹದಿನೈದು ಕಿಲೋಮೀಟರ್ ದೂರದ ಶ್ರೀರಂಗಪಟ್ಟಣದಲ್ಲಿ ರಂಗನಾಥನ ದರ್ಶನ ಎಷ್ಟೋ ಸಲ ಆಗಿದೆ. ಆದರೆ ಪೂಜೆ ಮುಗಿಸಿ, ಪ್ರಸಾದ ತಗೊಂಡು, ಸೀದಾ ಮನೆಗೆ. ಅಲ್ಲೇ ಹತ್ತಿರ ಇರುವ ದರಿಯಾ ದೌಲತ್ ಅರಮನೆಯ ಒಳಗೆ ಅಮ್ಮ ಕಾಲೇ ಇಟ್ಟಿರಲಿಲ್ಲ. ನನಗೆ ಇದು ಗೊತ್ತಾದಾಗ ನಿಜವಾಗಿಯೂ ಹೊಟ್ಟೆ ಉರಿಯಿತು.

ಈಗ ಎರಡನೇ ಶನಿವಾರ ಬಂದರೆ ನಾವಿಬ್ಬರೂ ಎಲ್ಲಾದರೂ ಹೋಗುತ್ತೇವೆ. ಬೆಳಿಗ್ಗೆ ಹೋಗಿ ಸಂಜೆ ದೀಪ ಹಚ್ಚುವ ಹೊತ್ತಿಗೆ ವಾಪಸ್ಸು. ಅಷ್ಟೇ.

ಬುತ್ತಿ ಕಟ್ಟೋದರಿಂದಲೇ ಖುಷಿ ಶುರು. ಪ್ರಯಾಣದ ಮೊಸರನ್ನಕ್ಕೆ ಅಮ್ಮ ಮೊಸರನ್ನೇ ಜಾಸ್ತಿ ಹಾಕೋದಿಲ್ಲ. ಅನ್ನ ಬಿಸಿ ಇರುವಾಗಲೇ ಚೆನ್ನಾಗಿ ಮಸೆದು, ಹಾಲು ಹಾಕಿ ತೆಳ್ಳಗೆ ಕಲಸಿ, ಉಗುರು ಬೆಚ್ಚಗಾದ ಮೇಲೆ ಒಂದೇ ಒಂದು ಚಮಚ ಮೊಸರು. ಮೇಲೆ ಸಾಸಿವೆ, ಶುಂಠಿ, ಕರಿಬೇವು, ಹಸಿಮೆಣಸಿನಕಾಯಿ ಒಗ್ಗರಣೆ. ಬೆಳಿಗ್ಗೆ ನೋಡಿದರೆ ಗಂಜಿ ಥರ ಇರುತ್ತದೆ. ಮಧ್ಯಾಹ್ನ ಡಬ್ಬಿ ತೆಗೆದರೆ ಒಳಗೇ ಹೆಪ್ಪಾಗಿ, ಹುಳಿಯಿಲ್ಲದೆ, ಗಟ್ಟಿಯಾಗಿ ಕೂತಿರುತ್ತದೆ. ಪುಳಿಯೋಗರೆಗೆ ಬಾಳೆಎಲೆ. ಒಲೆಯ ಉರಿ ಮೇಲೆ ಎಲೆಯನ್ನು ಆಚೆ ಈಚೆ ಆಡಿಸಿ ಬಾಡಿಸುತ್ತಾಳೆ, ಮಡಚಿದರೆ ಸೀಳಬಾರದಲ್ವಾ. ಆ ಬಾಡಿಸಿದ ಎಲೆಯ ವಾಸನೆ ಮೂಗಿಗೆ ಬಡಿದರೆ ಸಾಕು, ನನಗೆ ರಜಾ ಬಂತು ಅನಿಸುತ್ತದೆ.

ದರಿಯಾ ದೌಲತ್ ಕಟ್ಟಿದ್ದು 1784ರಲ್ಲಿ, ಟಿಪ್ಪು ಕಾಲದಲ್ಲಿ. ತೇಗದ ಮರದ ಕಂಬಗಳು, ಗೋಡೆ ತುಂಬಾ ಚಿತ್ರ. ಪಶ್ಚಿಮದ ಗೋಡೆ ಮೇಲೆ 1780ರ ಪೊಳ್ಳಿಲೂರು ಯುದ್ಧ ಇದೆ. ಕುದುರೆ, ಆನೆ, ತುಪಾಕಿ, ಹೊಗೆ, ನಡುವೆ ಪಲ್ಲಕ್ಕಿಯಲ್ಲಿ ಸೋತು ಕೂತಿರುವ, ಇಂಗ್ಲಿಷರ ಕಡೆಯ ದಳಪತಿ ಕರ್ನಲ್ ಬೇಲಿ. ಆ ಮೊದಲ ಸಲ ನಾನು ಐದು ನಿಮಿಷ ನೋಡಿ ಮುಂದೆ ಹೋಗಿದ್ದೆ. ತಿರುಗಿ ನೋಡಿದರೆ ಅಮ್ಮ ಇನ್ನೂ ಅಲ್ಲೇ. ಕನ್ನಡಕ ಏರಿಸಿಕೊಂಡು ಒಂದೊಂದೇ ಕುದುರೆ ನೋಡುತ್ತಿದ್ದಾಳೆ. "ನೋಡೇ, ಇಷ್ಟು ಜನ ಬರೆದಿದಾನೆ, ಒಬ್ಬೊಬ್ಬರ ಪೇಟಾನೂ ಬೇರೆ ಬೇರೆ ಕಾಣುತ್ತೆ" ಅಂದಳು. ಅರ್ಧ ಗಂಟೆ ಆಯ್ತು. ಯಾರೂ ಅವಳನ್ನು ಕರೆಯಲಿಲ್ಲ. ಯಾರಿಗೂ ಕಾಫಿ ಬೇಕಿರಲಿಲ್ಲ. ನಾನು ಕಂಡ ಹಾಗೆ ನನ್ನಮ್ಮ ಒಂದು ವಸ್ತುವನ್ನು ಬರೀ ತನ್ನ ಖುಷಿಗೆ ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು.

ಊಟಕ್ಕೆ ಸಂಗಮಕ್ಕೆ ಹೋದೆವು. ದ್ವೀಪವನ್ನು ಸುತ್ತಿ ಬಂದ ಕಾವೇರಿಯ ಕವಲುಗಳು ಮತ್ತೆ ಒಂದಾಗುವ ಜಾಗ. ಮಳೆಗಾಲದಲ್ಲಿ ಕನ್ನಂಬಾಡಿಯಿಂದ ನೀರು ಬಿಟ್ಟಾಗ ಅಲ್ಲಿ ಇಳಿಯಲೇಬಾರದು, ಸೆಳೆತ ಜೋರು. ನಾವು ಹೋದಾಗ ನೀರು ತೀರಾ ಕಡಿಮೆ ಇತ್ತು. ಅಮ್ಮ ಸೀರೆ ನೆರಿಗೆ ಸ್ವಲ್ಪ ಎತ್ತಿ ಹಿಡಿದು ಮೆಟ್ಟಿಲ ಮೇಲೆ ಕೂತು ಕಾಲು ಇಳಿಬಿಟ್ಟಳು. ಸಣ್ಣ ಸಣ್ಣ ಮೀನು ಬಂದು ಹಿಮ್ಮಡಿಗೆ ಮುತ್ತಿದವು. "ಕಚಗುಳಿ ಕಣೇ!" ಅಂತ ಕೂಗಿ ನಕ್ಕಳು. ಆ ನಗು ನನಗೆ ಹೊಸದು. ಹುಡುಗಿಯಾಗಿದ್ದಾಗ ಅಮ್ಮ ಹೀಗೇ ನಗುತ್ತಿದ್ದಳೇನೋ.

ಆವತ್ತು ಆಟೋ, ಅರಮನೆ ಟಿಕೆಟ್ಟು, ಎರಡು ಎಳನೀರು, ಚುರುಮುರಿ ಎಲ್ಲ ಸೇರಿ ಮುನ್ನೂರು ರೂಪಾಯಿ ದಾಟಲಿಲ್ಲ. ಬಸ್ಸಿಗೆ ಏನೂ ಕೊಡಲಿಲ್ಲ, ಶಕ್ತಿ ಯೋಜನೆಯ ಉಚಿತ ಟಿಕೆಟ್ಟು.

ಇದರ ಬಗ್ಗೆ ಒಂದು ಮಾತು ಹೇಳಲೇಬೇಕು. 2023ರ ಜೂನ್ 11ರಿಂದ ಕರ್ನಾಟಕದ ಹೆಂಗಸರು ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದೊಳಗೆ ಎಲ್ಲಿಗೆ ಬೇಕಾದರೂ ಉಚಿತವಾಗಿ ಹೋಗಬಹುದು. ಆವತ್ತಿನಿಂದ ಕೇಳುತ್ತಲೇ ಇದ್ದೇನೆ, "ಕೆಲಸ ಇಲ್ಲದ ಹೆಂಗಸರು ಬಸ್ ತುಂಬಾ ಸುತ್ತುತ್ತಾರೆ" ಅಂತ. ನಮ್ಮ ಸಂಬಂಧಿಕರೊಬ್ಬರು ಅಮ್ಮನ ಎದುರಿಗೇ ಹೇಳಿದರು. ಅಮ್ಮ ತಲೆ ತಗ್ಗಿಸಿದಳು. ನನಗೆ ತುಂಬಾ ನೋವಾಯಿತು. ಬಸ್ಸಲ್ಲಿ ನೂಕುನುಗ್ಗಲು ಇರೋದು ನಿಜ, ಶಾಲೆಗೆ ಕೆಲಸಕ್ಕೆ ಹೋಗುವವರಿಗೆ ಕಷ್ಟ ಆಗೋದೂ ನಿಜ. ಅದಕ್ಕೆ ಬಸ್ಸು ಜಾಸ್ತಿ ಬಿಡಲಿ. ಆದರೆ ನಲವತ್ತು ವರ್ಷ ಎಲ್ಲರಿಗೂ ಬೇಯಿಸಿ ಹಾಕಿದವಳು ಒಂದು ಶನಿವಾರ ಕೆಲಸ ಇಲ್ಲದೆ ಸುತ್ತಿದರೆ ಅದರಲ್ಲಿ ತಪ್ಪೇನು? ಗಂಡಸರು ಕಟ್ಟೆ ಮೇಲೆ, ಟೀ ಅಂಗಡಿ ಮುಂದೆ ಗಂಟೆಗಟ್ಟಲೆ ಕೂತರೆ ನಾವು ಯಾವತ್ತಾದರೂ ಕಾರಣ ಕೇಳಿದ್ದೇವಾ?

ಬಸ್ ಚಾರ್ಜು ಕೊಡಲಾಗದಷ್ಟು ಬಡತನ ನಮಗಿರಲಿಲ್ಲ. ಆದರೆ ಅಮ್ಮನ ತಲೆಯಲ್ಲಿ ಯಾವಾಗಲೂ ಲೆಕ್ಕ. "ಹೋಗಿ ಬರೋ ದುಡ್ಡಲ್ಲಿ ಎರಡು ದಿನದ ಹಾಲು ಬರುತ್ತೆ ಬಿಡು." ಹೀಗೆ ಎಷ್ಟು ಭಾನುವಾರಗಳು ಹಾಲಿಗೆ ಹೋದವೋ! ಆ ಲೆಕ್ಕ ನಿಂತ ಮೇಲೆಯೇ ಅವಳು ಚಪ್ಪಲಿ ಮೆಟ್ಟಿದ್ದು.

ದೊಡ್ಡ ಪ್ರವಾಸ ಬೇಡ ಅಂತ ನಾನು ಹೇಳುತ್ತಿಲ್ಲ. ಕಾಶಿಗೂ ಹೋಗೋಣ. ಆದರೆ ಕಾಶಿಗೆ ದುಡ್ಡು, ರಜಾ, ಮಂಡಿ ಮೂರೂ ಒಟ್ಟಿಗೆ ಕೂಡಿ ಬರಬೇಕು. ನಮ್ಮನೆಯಲ್ಲಿ ಆ ಮಾತು ಹದಿನೈದು ವರ್ಷದಿಂದ ನಡೆದಿದೆ. ಸಂಗಮಕ್ಕೆ ಒಂದು ಡಬ್ಬಿ ಮೊಸರನ್ನ ಸಾಕು. ನಿಮ್ಮ ಮನೆಯಲ್ಲೂ ಇಂಥ ಅಮ್ಮ, ಅತ್ತೆ, ಅಜ್ಜಿ ಇದ್ದರೆ ಈ ಶನಿವಾರವೇ ಕರೆದುಕೊಂಡು ಹೋಗಿ. ದೇವಸ್ಥಾನದ ಹೊರಗೂ ಸ್ವಲ್ಪ ಕೂರಿಸಿ. ಬೇಗ ಮನೆಗೆ ಹೋಗೋಣ ಅಂತ ಅವಸರ ಮಾಡಬೇಡಿ.

ಈ ಸಲ ಸೋಮನಾಥಪುರ. ಹದಿಮೂರನೇ ಶತಮಾನದ ಹೊಯ್ಸಳರ ಗುಡಿ, 2023ರಲ್ಲಿ ಬೇಲೂರು ಹಳೇಬೀಡಿನ ಜೊತೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಬನ್ನೂರಿನ ತನಕ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಗೋಡೆ ಮೇಲಿನ ಕೆತ್ತನೆಯಲ್ಲೂ ಆನೆ ಕುದುರೆ ಸಾಲು ಸಾಲಾಗಿದೆ ಅಂತ ಹೇಳಿದ್ದೇ ತಪ್ಪಾಯ್ತು, ಅಮ್ಮ ಬುಧವಾರವೇ ಕನ್ನಡಕ ಒರೆಸಿ ಬ್ಯಾಗಿಗೆ ಹಾಕಿ ಇಟ್ಟಿದ್ದಾಳೆ.

ನಿನ್ನೆ ಸಂಜೆ ಸೊಪ್ಪಿನವಳ ಹತ್ತಿರ ಕರಿಬೇವು ಜಾಸ್ತಿ ಕೇಳುತ್ತಿದ್ದಳು. ಅದೇ ಪಕ್ಕದ ಮನೆಯವರು "ಏನ್ರೀ, ಮತ್ತೆ ಎಲ್ಲಿಗೋ ಹೊರಟ ಹಾಗಿದೆ, ಏನ್ ವಿಶೇಷ?" ಅಂದರು. ನಾನು ಒಳಗಿನಿಂದ ಕಿವಿಗೊಟ್ಟು ನಿಂತೆ.

"ವಿಶೇಷ ಏನಿಲ್ಲಮ್ಮ, ಸುಮ್ನೆ ಹೋಗಿ ಬರ್ತೀವಿ. ನೀವೂ ಬರ್ತೀರಾ?" ಅಂದಳು ಅಮ್ಮ.