ಸಾಮಾಯಿಕ ಗೋಡೆ

ಅಣ್ಣತಮ್ಮಂದಿರು ಹಳೆಯ ಮನೆಯನ್ನು ಹಂಚಿಕೊಳ್ಳುವಾಗ ಬರೆಸುವ ವಾಟ್ನಿಪತ್ರವನ್ನು ಒಮ್ಮೆಯಾದರೂ ಓದಿದವರಿಗೆ ನಮ್ಮ ಜನರ ಮುಂದಾಲೋಚನೆಯ ಬಗ್ಗೆ ಗೌರವ ಮೂಡದೆ ಇರಲಾರದು. ಬಾವಿಯ ನೀರಿನಲ್ಲಿ ಯಾರ ಹಕ್ಕೆಷ್ಟು, ಹಿತ್ತಲಿನ ತೆಂಗು ಯಾರ ಪಾಲಿಗೆ, ಮಾಳಿಗೆಯ ಮಳೆನೀರು ಯಾರ ಅಂಗಳಕ್ಕೆ ಇಳಿಯಬೇಕು, ಗಟಾರ ಯಾವ ದಿಕ್ಕಿಗೆ ಹರಿಯಬೇಕು, ಹೋಗಿಬರುವ ಹಾದಿ ಎಷ್ಟು ಫೂಟು ಅಗಲವಿರಬೇಕು ಎಂಬುದೆಲ್ಲ ಅದರಲ್ಲಿ ಇರುತ್ತದೆ. ಇಷ್ಟೆಲ್ಲ ಬರೆದ ಮೇಲೂ ಹಂಚಲಾಗದೆ ಉಳಿಯುವುದು ನಡುವಿನ ಗೋಡೆ. ಅದನ್ನು ಸಾಮಾಯಿಕ, ಅಂದರೆ ಎಲ್ಲರಿಗೂ ಸೇರಿದ್ದು, ಎಂದು ನಮೂದಿಸಿ ಎಲ್ಲರೂ ಸಹಿ ಹಾಕುತ್ತಾರೆ. ಮುಂದೊಂದು ದಿನ ಬಾಡಿಗೆದಾರನೊಬ್ಬ ಆ ಗೋಡೆಯ ಮೇಲೆ ಇಂಟರ್‌ನೆಟ್ಟನ್ನು ಬೆಳಕಾಗಿ ತರುವ ಗಾಜಿನೆಳೆಯ ಕೇಬಲ್ಲಾದ ಫೈಬರ್ ಎಳೆಸಲು ಹೊರಟಾನೆಂಬುದು ಪತ್ರ ಬರೆಯುವವರ ಊಹೆಗೆ ನಿಲುಕುವ ಸಂಗತಿಯಲ್ಲ.

ನಾನು ಬಾಡಿಗೆಗಿರುವುದು ಧಾರವಾಡದ ಮಾಳಮಡ್ಡಿಯ ಅಂಥದೊಂದು ಮನೆಯಲ್ಲಿ. ಕಲ್ಲು ಮಣ್ಣು ಸೇರಿಸಿ ಎರಡು ಫೂಟು ದಪ್ಪಕ್ಕೆ ಕಟ್ಟಿದ ಗೋಡೆಗಳು, ಸಾಗವಾನಿಯ ತೊಲೆಗಳು, ಮೇಲೆ ಮಣ್ಣಿನ ಮಾಳಿಗೆ. ರಸ್ತೆಗೆ ಮುಖ ಮಾಡಿದ ಭಾಗ ಹಿರಿಯರದು. ಅವರು ನಿವೃತ್ತ ಮಾಸ್ತರರು. ನಡುವಿನದು ಎರಡನೆಯವರದು. ಹಿಂದಿನ ಭಾಗ ಪುಣೆಯಲ್ಲಿರುವ ಕಿರಿಯರಿಗೆ ಬಂದಿದ್ದು, ಅವರು ಹೊರಗಿನಿಂದ ಕಬ್ಬಿಣದ ಏಣಿಮೆಟ್ಟಿಲು ಹಚ್ಚಿಸಿ, ಕಾಳುಕಡಿ ಇಡುತ್ತಿದ್ದ ಖೋಲಿಯನ್ನು ಅಡುಗೆಮನೆಯಾಗಿಯೂ ಕಟ್ಟಿಗೆ ಒಟ್ಟುತ್ತಿದ್ದ ಮೂಲೆಯನ್ನು ಬಚ್ಚಲಾಗಿಯೂ ಬದಲಿಸಿ ಬಾಡಿಗೆಗೆ ಬಿಟ್ಟಿದ್ದಾರೆ. ಅದು ಫ್ಲ್ಯಾಟ್ ಆಗಿರುವುದು ಬಾಡಿಗೆಯ ಜಾಹೀರಾತಿನಲ್ಲಿ ಮಾತ್ರ.

ಮೊದಲ ತೊಡಕು ವಿಳಾಸದಲ್ಲಿಯೇ ಎದುರಾಯಿತು. ಇಂಟರ್‌ನೆಟ್ ಕಂಪನಿಯ ಅರ್ಜಿಯು ಕಟ್ಟಡದ ಹೆಸರು, ಅಂತಸ್ತು, ಫ್ಲ್ಯಾಟ್ ಸಂಖ್ಯೆ ಎಂಬ ಮೂರು ಖಾನೆಗಳನ್ನು ತುಂಬದ ಹೊರತು ಮುಂದಕ್ಕೆ ಸರಿಯುವುದಿಲ್ಲ. ನಮ್ಮ ಮನೆಗಿರುವುದು ಇಡೀ ವಾಡೆಗೆ ಅನ್ವಯಿಸುವ ಒಂದೇ ಸಿಟಿಎಸ್ (ನಗರ ಭೂಮಾಪನ) ನಂಬರು. ಅದನ್ನು ಬರೆದರೆ, ಈ ವಿಳಾಸಕ್ಕೆ ಈಗಾಗಲೇ ಜೋಡಣೆ ಇದೆ ಎಂದು ಉತ್ತರ ಬಂತು. ಮಾಸ್ತರರ ಮೊಮ್ಮಗಳ ಓದಿಗೆಂದು ಮುಂದಿನ ಭಾಗಕ್ಕೆ ಹಾಕಿಸಿದ್ದ ಜೋಡಣೆ ಅದು. ಒಂದು ಸೂರಿನಡಿ ಮೂರು ಒಲೆ ಉರಿಯಬಹುದೆಂಬ ಕಲ್ಪನೆ ಕಂಪನಿಯ ಗಣಕಕ್ಕೆ ಇರಲಿಲ್ಲ. ವಿದ್ಯುತ್ ಕಂಪನಿಯಾದ ಹೆಸ್ಕಾಂಗೆ ಇತ್ತು. ಮೂರು ಭಾಗಗಳಿಗೆ ಮೂರು ಮೀಟರುಗಳಿದ್ದು, ಪ್ರತಿಯೊಂದಕ್ಕೂ ಬೇರೆ ಆರ್‌.ಆರ್‌. ನಂಬರು ಇದೆ. ಕಡೆಗೆ ಲೈಟ್ ಬಿಲ್ಲಿನ ಮೇಲಿನ ಆ ನಂಬರನ್ನೇ ಫ್ಲ್ಯಾಟಿನ ಸಂಖ್ಯೆಯೆಂದು ತುಂಬಿ ಅರ್ಜಿಯನ್ನು ದಾಟಿಸಲಾಯಿತು.

ಆ ಮೇಲೆ ಕಂಬ ಪರೀಕ್ಷಿಸಲು ಬಂದ ಹುಡುಗ, “ಬಾಕ್ಸ್ ತುಂಬೇತ್ರಿ ಸರ, ಫೀಸಿಬಿಲಿಟಿ ಇಲ್ಲ” ಎಂದು ಕೆಳಗಿನಿಂದಲೇ ಹೇಳಿದ. ರಸ್ತೆಯ ಕಂಬದ ಮೇಲೆ ಕಾಣುವ ಆ ಕಪ್ಪು ಡಬ್ಬಿಯೊಳಗೆ ವಿದ್ಯುತ್ತಿನ ಕೆಲಸವೇ ಇಲ್ಲ. ಒಂದು ಎಳೆಯಲ್ಲಿ ಬಂದ ಬೆಳಕನ್ನು ಎಂಟು ಎಳೆಗಳಿಗೆ ಹಂಚುವ ಸ್ಪ್ಲಿಟರ್ ಅದರಲ್ಲಿರುತ್ತದೆ. ಪ್ರತಿ ಸಲ ಎರಡಾಗಿ ಒಡೆದಾಗಲೂ ಬೆಳಕಿನ ಬಲ ಅರ್ಧಕ್ಕಿಳಿಯುವುದರಿಂದ ಹಂಚಿಕೆಗೆ ಮಿತಿ ಉಂಟು. ವಾಟ್ನಿಯಾದ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಓಣಿಯ ಯಾರೋ ಊರು ಬಿಟ್ಟು ಹೋದ ಮೇಲೆ ಒಂದು ಪೋರ್ಟು ಖಾಲಿಯಾಯಿತು.

ಕಂಬವಿರುವುದು ಮುಂದಿನ ರಸ್ತೆಯಲ್ಲಿ, ನಾನಿರುವುದು ಹಿಂದಿನ ಭಾಗದಲ್ಲಿ. ಕೇಬಲ್ಲು ಇಬ್ಬರ ಮಾಳಿಗೆಯನ್ನು ದಾಟಿ, ಸಾಮಾಯಿಕ ಗೋಡೆಯನ್ನು ಹಿಡಿದು, ಅದನ್ನು ಕೊರೆದು ಒಳಗೆ ಬರಬೇಕಿತ್ತು. ಮಾಸ್ತರರಲ್ಲಿ ಕೇಳಿದಾಗ ಅವರು ಚಹಾ ತರಿಸಿ, ವಾಟ್ನಿಪತ್ರವನ್ನೂ ಹೊರತೆಗೆದರು. “ಗೋಡಿ ಸಾಮಾಯಿಕ ಅದರೀ. ನಾ ಒಬ್ಬಾಂವ ಹೂಂ ಅಂದ್ರ ನಡೀತದೇನು? ನಡುವಿನಾಂವ ಹೂಂ ಅನಬೇಕು, ಪುಣೇದಾಂವ ಹೂಂ ಅನಬೇಕು. ನಾಳೆ ಮಾತು ಬರಬಾರದು ನೋಡ್ರಿ.” ನಡುವಿನವರ ತಕರಾರು ಇನ್ನೂ ಗಟ್ಟಿಯಾದದ್ದು. ಹಿಂದೆ ಟಿವಿ ಕೇಬಲಿನವನು ಹೊಡೆದು ಹೋದ ತೂತಿನಿಂದ ಅವರ ದೇವರ ಮನೆಗೆ ಇಂದಿಗೂ ಮಳೆಗಾಲದಲ್ಲಿ ನೀರು ಇಳಿಯುತ್ತದೆ. ಅದನ್ನು ಅವರು ಕರೆದುಕೊಂಡು ಹೋಗಿ ತೋರಿಸಿದರು. ಗಿಲಾಯಿಯ ಮೇಲೆ ನೀರಿನ ಕಲೆ ನಿಲುವಾಗಿ ಇಳಿದಿತ್ತು, ಅದರ ಕೆಳಗೆ ಒಂದು ಹಿತ್ತಾಳೆಯ ತಂಬಿಗೆ ಇತ್ತು. ನ್ಯಾಯವಾದ ತಕರಾರು ಎಂದೇ ನನಗೂ ಅನ್ನಿಸಿತು. ದೂರಸಂಪರ್ಕ ಕಾಯ್ದೆ, 2023ರಡಿ ರೂಪಿಸಿದ ದಾರಿಹಕ್ಕಿನ ನಿಯಮಗಳು 2025ರ ಜನವರಿ 1ರಿಂದ ಜಾರಿಗೆ ಬಂದಿದ್ದು, ಸಾರ್ವಜನಿಕ ಜಾಗದಲ್ಲಿ ಕೇಬಲ್ ಎಳೆಯುವುದಕ್ಕೆ ಅರ್ಜಿ, ಗಡುವು, ಶುಲ್ಕಗಳ ಕ್ರಮವಿದೆ. ಖಾಸಗಿ ಜಾಗವಾದರೆ ಒಡೆಯನೊಡನೆ ಒಪ್ಪಂದ ಮಾಡಿಕೊಳ್ಳಬೇಕು. ಒಡೆಯ ಎಂಬುವನು ಒಬ್ಬನೇ ಇರುತ್ತಾನೆಂದು ದಿಲ್ಲಿಯಲ್ಲಿ ಕುಳಿತು ಭಾವಿಸುವುದು ಸುಲಭ.

ತಾಮ್ರದ ತಂತಿಯ ಟೆಲಿಫೋನಿನ ಕಾಲದಲ್ಲಿ ಇದೇ ಮನೆಗೆ ಲೈನು ಬಂದಾಗ ಯಾರ ಒಪ್ಪಿಗೆಯೂ ಬೇಕಾಗಿರಲಿಲ್ಲ ಎಂದು ಮಾಸ್ತರರು ನೆನೆದರು. ಆಗ ಮನೆ ಇನ್ನೂ ಒಂದೇ ಆಗಿತ್ತು. ತಂತಿಯೂ ಹೊಂದಿಕೊಳ್ಳುವ ಸ್ವಭಾವದ್ದು. ಮೊಳೆಗೆ ಸುತ್ತಿದರೂ ನಡೆಯುತ್ತಿತ್ತು, ಬಾಗಿಲಿನ ಚೌಕಟ್ಟಿನ ಸಂದಿಯಲ್ಲಿ ತುರುಕಿದರೂ ನಡೆಯುತ್ತಿತ್ತು, ತುಂಡಾದರೆ ಲೈನ್‌ಮನ್ ಎರಡು ತುದಿ ಹೊಸೆದು ಟೇಪು ಸುತ್ತುತ್ತಿದ್ದ. ಫೋನಿಗೆ ಬೇಕಾದ ಕರೆಂಟನ್ನೂ ಎಕ್ಸ್‌ಚೇಂಜಿನಿಂದ ಅದೇ ತರುತ್ತಿದ್ದುದರಿಂದ ಲೈಟು ಹೋದಾಗಲೂ ಮಾತು ನಿಲ್ಲುತ್ತಿರಲಿಲ್ಲ. ಫೈಬರಿನಲ್ಲಿ ಬರುವುದು ಬೆಳಕು ಮಾತ್ರ. ಲೈಟು ಹೋದರೆ ಮನೆಯೊಳಗಿನ ಮೋಡೆಮ್ ಡಬ್ಬಿಗೆ ಬ್ಯಾಟರಿಯನ್ನು ನಾವೇ ಒದಗಿಸಬೇಕು.

ಪುಣೆಯ ಹೂಂ ವಾಟ್ಸಾಪಿನಲ್ಲಿ ಬಂತು. ನಡುವಿನವರು, ಕೇಬಲ್ಲನ್ನು ಒಳಗೆ ಒಯ್ಯುವ ಮುನ್ನ ಕೆಳಗೆ ಜೋಲು ಬಿಡಬೇಕು, ಮಳೆನೀರು ಆ ಜೋಲಿನ ತಳದಿಂದ ತೊಟ್ಟಿಕ್ಕಿ ಹೋಗುವಂತಿರಬೇಕು ಎಂದು ಸ್ವತಃ ಕೈಯಲ್ಲಿ ತೋರಿಸಿ ಒಪ್ಪಿದರು. ಡ್ರಿಲ್ಲು ಬಂತು. ಮೊದಲು ಗಿಲಾಯಿ ಉದುರಿತು, ಬಳಿಕ ಕೆಂಪು ಮಣ್ಣು ಸುರಿಯಿತು, ಒಂದು ಗೇಣು ಹೋಗುವಷ್ಟರಲ್ಲಿ ಡ್ರಿಲ್ಲಿನ ಮೊನೆ ಕಲ್ಲಿಗೆ ತಾಗಿ ಕಿರುಚಿ ನಿಂತಿತು. ಜಾಗ ಬದಲಿಸಿ ಕೊರೆಯೋಣವೆಂದು ಹುಡುಗ ಹೇಳಿದಾಗ ನಡುವಿನವರ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಆಗ ಮೇಲೆ ನೋಡಿದವನು ಅವನೇ. “ಸರ, ಬೆಳಕಿಂಡಿ ಐತೆಲ್ರಿ! ಗ್ವಾಡಿ ಯಾಕ ಬೇಕು?” ನನ್ನ ಖೋಲಿಯ ಮಾಳಿಗೆಯಲ್ಲಿ ಹಳೆಯ ಬೆಳಕಿಂಡಿಯೊಂದಿದ್ದು, ಅದರ ಗಾಜಿನ ಒಂದು ಮೂಲೆ ಒಡೆದಿತ್ತು. ಅದು ಪೂರ್ತಿಯಾಗಿ ಪುಣೆಯವರ ಪಾಲಿನದು. ಮೂರು ಮನೆಗಳ ಒಪ್ಪಿಗೆ ಪಡೆದು ಅರ್ಧ ಕೊರೆದ ತೂತು ಹಾಗೆಯೇ ಉಳಿಯಿತು, ಕೇಬಲ್ಲು ಮೇಲಿನಿಂದ ಇಳಿಯಿತು.

ಜೋಡಿಸುವ ಕೆಲಸವನ್ನು ನಾನು ಹತ್ತಿರ ಕುಳಿತು ನೋಡಿದೆ. ಹೊರಗೆ ಜಿಟಿಜಿಟಿ ಮಳೆ ಹಿಡಿದಿತ್ತು. ಕಪ್ಪು ಕವಚವನ್ನು ಸೀಳಿ, ಎರಡೂ ಬದಿಯ ಉಕ್ಕಿನ ತಂತಿಗಳನ್ನು ಕತ್ತರಿಸಿ, ಒಳಗಿನ ಎಳೆಯ ಬಣ್ಣದ ಲೇಪವನ್ನು ಕೆರೆದು ತೆಗೆದ ಮೇಲೆ ಉಳಿಯುವ ಗಾಜಿನ ದಪ್ಪ 0.125 ಮಿಲಿಮೀಟರ್; ಬೆಳಕು ಓಡಾಡುವ ನಡುತಿರುಳು ಅದರಲ್ಲೂ ಸುಮಾರು ಹದಿನಾಲ್ಕನೆಯ ಒಂದು ಪಾಲಿನಷ್ಟು. ಸ್ಪಿರಿಟ್ಟಿನಲ್ಲಿ ಒರೆಸಿ ತುದಿಯನ್ನು ನೇರವಾಗಿ ಕತ್ತರಿಸಿದ ಹುಡುಗ, ಉದುರಿದ ಚೂರನ್ನು ಖಾಲಿ ಗುಳಿಗೆ ಡಬ್ಬಿಯಲ್ಲಿ ಹಾಕಿ ಮುಚ್ಚಿದ. ಬೆರಳಿಗೆ ಹೊಕ್ಕರೆ ಕಾಣುವುದೂ ಇಲ್ಲ, ಹೊರಬರುವುದೂ ಇಲ್ಲವಂತೆ. ಯಂತ್ರದ ಪರದೆಯ ಮೇಲೆ ಎರಡು ತುದಿಗಳು ಎರಡು ತೊಲೆಗಳ ಹಾಗೆ ಎದುರುಬದುರಾಗಿ ನಿಂತವು, ಒಂದು ಕಿಡಿ ಹಾರಿತು, ನಡುವಿನ ಗೆರೆ ಮಾಯವಾಯಿತು. ಆದರೂ ಬೆಳಕಿನ ಬಲ ಅಳೆಯುವ ಮೀಟರು ಮೈನಸ್ 31 ಡಿಬಿಎಂ ತೋರಿಸಿತು; ಮೈನಸ್ ಹೆಚ್ಚಿದಷ್ಟೂ ಬೆಳಕು ಕ್ಷೀಣ. ಮನೆಯ ಡಬ್ಬಿ ಹಿಡಿಯುವುದು ಮೈನಸ್ 27ರವರೆಗೆ. ಗಾಜಿನಲ್ಲಿರುವ ಕಲ್ಮಷವನ್ನು ತೆಗೆದರೆ ಕಿಲೋಮೀಟರುಗಟ್ಟಲೆ ಬೆಳಕು ಕಳುಹಿಸಬಹುದೆಂದು ಚಾರ್ಲ್ಸ್ ಕಾವೊ 1966ರಲ್ಲಿ ತೋರಿಸಿಕೊಟ್ಟರು, 2009ರಲ್ಲಿ ಅದಕ್ಕೆ ನೊಬೆಲ್ ಬಂತು. ಹಾಗೆ ಊರೂರು ದಾಟಿ ಬಂದ ಬೆಳಕು ನಮ್ಮ ಬೆಳಕಿಂಡಿಯ ಚೌಕಟ್ಟಿನ ಒಂದು ಮೂಲೆಯಲ್ಲಿ ಸೋರಿಹೋಗುತ್ತಿತ್ತು. ಗಾಜಿನ ಎಳೆಯನ್ನು ಚೂಪಾಗಿ ಬಗ್ಗಿಸಿದರೆ ಬೆಳಕು ಪಕ್ಕದಿಂದ ಹೊರಬೀಳುತ್ತದೆ. ಬಿಗಿದ ಕ್ಲಿಪ್ಪನ್ನು ಸಡಿಲಿಸಿ ದುಂಡಗೆ ತಿರುಗಿಸಿದ ಕೂಡಲೇ ಮೈನಸ್ 21ಕ್ಕೆ ಬಂದು ಕೆಂಪು ದೀಪ ಆರಿತು.

ವೈಫೈ ಮಾತ್ರ ಈ ಗೋಡೆಗಳನ್ನು ಇನ್ನೂ ಗೆದ್ದಿಲ್ಲ. 5 ಗಿಗಾಹರ್ಟ್ಸಿನ ವೇಗದ ಅಲೆ ಅಡುಗೆಮನೆಗೆ ತಲುಪುವುದೇ ಇಲ್ಲ, 2.4ರದು ಬಾಗಿಲು ತೆರೆದಿದ್ದರೆ ಬರುತ್ತದೆ.

ಅರ್ಧ ಕೊರೆದ ತೂತಿನ ಬಗ್ಗೆ ನಡುವಿನವರು ಷರತ್ತೊಂದನ್ನು ಹಾಕಿದ್ದಾರೆ: ಸಿಮೆಂಟಿನಿಂದ ಮುಚ್ಚಕೂಡದು, ಮಣ್ಣಿನ ಗೋಡೆ ಅದನ್ನು ಹಿಡಿಯುವುದಿಲ್ಲ, ಹದ ಮಾಡಿದ ಮಣ್ಣನ್ನೇ ಮೆತ್ತಿಸಬೇಕು, ಅದೂ ನಾನು ಮನೆ ಬಿಡುವ ಮೊದಲು. ಅದನ್ನು ಬಾಡಿಗೆಯ ಕರಾರುಪತ್ರದಲ್ಲಿ ಸೇರಿಸಿದ್ದಾಯಿತು. ನೋಂದಣಿಯ ಗೊಡವೆ ಬೇಡವೆಂದು ಎಲ್ಲರೂ ಬರೆಸುವಂತೆ ನಮ್ಮ ಕರಾರೂ 11 ತಿಂಗಳದ್ದು. ಜೋಡಣೆಯ ಖರ್ಚು ಪುಕ್ಕಟೆಯಾಗಬೇಕಾದರೆ ಕಂಪನಿಗೆ ಕಟ್ಟಬೇಕಾದದ್ದು 12 ತಿಂಗಳ ಹಣ. ಉಳಿಯುವ ಆ ಒಂದು ತಿಂಗಳು ಯಾರ ಪಾಲಿನದೆಂದು ಮಾಸ್ತರರನ್ನು ಕೇಳಿದೆ. “ಅದೂ ಸಾಮಾಯಿಕನ ಇರಲಿ ಬಿಡ್ರಿ” ಎಂದರು.